ಕೊಸರಿಗೆ ಬಂದ ಜಿರಳೆ

ಕೊತ್ತಂಬರಿ ಕಟ್ಟು ಚೀಲಕ್ಕೆ ಬಿದ್ದ ಮೇಲೂ ಕೈ ಚಾಚಿಕೊಂಡೇ ನಿಂತಿರುವ ಗಿರಾಕಿಯನ್ನು ನೀವು ಬೀದರಿನ ನೌಬಾದ ಬಡಾವಣೆಯ ತರಕಾರಿ ಸಾಲಿನಲ್ಲಿ ಕಂಡಿದ್ದರೆ, ಅದು ಬಹುಮಟ್ಟಿಗೆ ನಾನೇ. ಕೊಂಡದ್ದರ ಮೇಲೆ ನಾಲ್ಕು ಹಸಿಮೆಣಸಿನಕಾಯಿಯೋ ಒಂದೆರಡು ಎಸಳು ಕರಿಬೇವೋ ಕೊಸರಾಗಿ ಬೀಳದ ಹೊರತು ವ್ಯವಹಾರ ಸಂಪನ್ನವಾಯಿತೆಂದು ನನ್ನ ಅಂತರಾತ್ಮ ಒಪ್ಪುವುದಿಲ್ಲ. ತರಕಾರಿ ಮಾರುವ ಲಕ್ಷ್ಮೀಬಾಯಿ ಗೊಣಗುತ್ತಲೇ ಕೊಡುತ್ತಾಳೆ. ಆದರೆ ಮಾರುವವನ ಪೀಠದಲ್ಲಿ ನಾನೇ ಕುಳಿತಾಗ ಮಾತ್ರ ಕೊಸರು ಕೊಡಬೇಕಾದ ಬೆರಳುಗಳಿಗೆ ಎಲ್ಲಿಲ್ಲದ ಸಂಧಿವಾತ. ಸೈಕಲ್ಲಿನ ಮೇಲೆ ಮೊಟ್ಟೆ ಮಾರುತ್ತ ಹೊರಟವನು ಸ್ವಂತ ಮನೆಯವರೆಗೆ ಬಂದು ಮುಟ್ಟಿದ್ದು ಈ ದ್ವೈತ ಸಿದ್ಧಾಂತದ ಬಲದಿಂದಲೇ.

ಆ ಮನೆಯ ಮೇಲಿನ ಕೋಣೆಯಲ್ಲಿ ನಾನು ಜಿರಳೆ ಸಾಕುತ್ತೇನೆ. ಮುಖ ಸಿಂಡರಿಸಬೇಡಿ. ಇವು ನಿಮ್ಮ ಬಚ್ಚಲಲ್ಲಿ ಮೀಸೆ ತಿರುವುವ ಜಾತಿಯವಲ್ಲ. ಡುಬಿಯಾ ಎಂಬ, ದೂರದೇಶದ ಸಾಧುಪ್ರಾಣಿಗಳು. ನುಣುಪಾದ ಪ್ಲಾಸ್ಟಿಕ್ ಗೋಡೆ ಹತ್ತಲಾರವು, ಹಾರುವ ಉಮೇದು ಇಲ್ಲ, ನಾತವೂ ಇಲ್ಲ. ಓತಿ, ಹಲ್ಲಿ, ದೊಡ್ಡ ಜೇಡಗಳನ್ನು ಮುದ್ದಿನಿಂದ ಸಾಕುವವರು ಈಗ ನಮ್ಮ ಬೀದರಿನಲ್ಲೂ ಇದ್ದಾರೆ. ಅವರ ಪ್ರಾಣಿಗಳಿಗೆ ಇವೇ ಮೃಷ್ಟಾನ್ನ. ನನ್ನ ಹೆಂಡತಿ ಶೋಭಾ ಮೊದಲ ದಿನವೇ ಒಪ್ಪಂದ ಮಾಡಿಕೊಂಡಿದ್ದಳು: “ಅಡಗಿಮನ್ಯಾಗ ಜಿರಳಿ ಕಂಡ್ರ ಚಪ್ಪಲಿ ತಗೋತೇನಿ. ನಿಮ್ಮ ಕೋಣ್ಯಾಗ ಕಂಡ್ರ ಬಾಗಲಾ ಹಾಕ್ಕೋತೇನಿ. ಎರಡರ ನಡುವ ಕಾವಲು ನಿಮ್ಮದು.”

ಕೇಳಿದವರಿಗೂ ಕೇಳದವರಿಗೂ ಹೇಳುವ ನನ್ನ ಸಲಹೆ ಇಷ್ಟು. ಆಳವಾದ ಪ್ಲಾಸ್ಟಿಕ್ ಡಬ್ಬಿ ತನ್ನಿ, ಮುಚ್ಚಳಕ್ಕೆ ಜಾಲರಿ ಹಾಕಿ. ರಟ್ಟಿನ ಮೊಟ್ಟೆ ಟ್ರೇಗಳನ್ನು ಪುಸ್ತಕ ಜೋಡಿಸಿದ ಹಾಗೆ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಹಿಕ್ಕೆ ಅಲ್ಲೇ ಕೂತು ಬೂಸು ಹಿಡಿಯುತ್ತದೆ. ಗೋಧಿ ಬೂಸಾ, ಗಜ್ಜರಿ ಸಾಕು. ನಮ್ಮ ಬೇಸಿಗೆ ಅವಕ್ಕೆ ತವರುಮನೆ. ಚಳಿಗಾಲದಲ್ಲಿ ಮಾತ್ರ ಶಾಖ ಕೊಡಿ. ಇನ್ನೊಂದು ಸಲಹೆಯನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ: ಗಿರಾಕಿಗೆ ರೆಕ್ಕೆಯಿರುವವನ್ನೇ ಕೊಡಿ. ರೆಕ್ಕೆಯಿದ್ದದ್ದು ಗಂಡು. ಬರೀ ಗಂಡು ಕೊಂಡವನ ಮನೆಯಲ್ಲಿ ಸಂತಾನವಾಗುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಅವನು ನಿಮ್ಮ ಮನೆಗೇ ಬರಬೇಕು.

ಈ ವಿದ್ಯೆಗೆ ಮೊದಲು ಸವಾಲೆಸೆದವರು ಭಾಲ್ಕಿಯ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿರುವ ಸುನಂದಾಬಾಯಿ. ಅವರ ಮನೆಯಲ್ಲಿ ಗಡ್ಡದ ಓತಿಯೊಂದಿದೆ, ಹೆಸರು ನವಾಬ. ಎರಡು ವರ್ಷದ ಹಿಂದೆ ನನ್ನ ಮನೆಗೆ ಬಂದಾಗ ಅವರು ದರದಲ್ಲಿ ಚೌಕಾಶಿ ಮಾಡಲೇ ಇಲ್ಲ. ನಾನು ಗೆದ್ದೆನೆಂದುಕೊಂಡು ಮುಚ್ಚಳ ಹಾಕುವಾಗ ಕೈ ಚಾಚಿದರು. “ಮೆಣಸಿನಕಾಯಿಗಿ ಕೊಸರ ಇರ್ತದ, ಇದಕ್ಕ ಯಾಕಿಲ್ರಿ ಅಣ್ಣಾರ?” ನನ್ನದೇ ಅಸ್ತ್ರ. ಬೇರೆ ದಾರಿಯಿಲ್ಲದೆ ಒಂದು ಟ್ರೇ ಕೊಡವಿದೆ; ಗೋಧಿ ಕಾಳಿಗಿಂತ ಚಿಕ್ಕ ಹತ್ತು ಹನ್ನೆರಡು ಮರಿಗಳು ಉದುರಿದವು. ಅವನ್ನು ಮಾರಲು ಬರುತ್ತಿರಲಿಲ್ಲ, ಗಂಡು ಹೆಣ್ಣು ತಿಳಿಯುವ ವಯಸ್ಸೂ ಅಲ್ಲ. ಕೊಟ್ಟೆ. ಮುಂದೆ ವರ್ಷದ ಹೊತ್ತಿಗೆ ಅವರು ಬರುವುದು ನಿಂತಿತು. ನವಾಬ ತೀರಿಹೋಗಿರಬೇಕೆಂದು ನಾನು ಒಂದು ಗಳಿಗೆ ಮರುಗಿದೆ. ಅರ್ಧ ಮರುಕ ಓತಿಗೆ, ಅರ್ಧ ಗಿರಾಕಿಗೆ.

ಕಳೆದ ಚಳಿಗಾಲದಲ್ಲಿ ಔರಾದ ಕಡೆ ಸಂತಪುರದ ಹತ್ತಿರ ಒಬ್ಬರು ಕೋಳಿ ಫಾರಂ ಮುಚ್ಚುತ್ತಿದ್ದರು. ಟ್ರೇಗಳ ರಾಶಿಯೇ ಇತ್ತು. ನಾನು ನಾಚಿಕೆಯಾಗುವಷ್ಟು ಕಡಿಮೆ ಹೇಳಿದೆ; ಆ ಮನುಷ್ಯ ತಕ್ಷಣ ಒಪ್ಪಿಕೊಂಡ. ಮೂವತ್ತು ವರ್ಷ ಚೌಕಾಶಿ ಮಾಡಿದವನಿಗೆ ಆ ತಕ್ಷಣವೇ ಸಂಶಯ ಬರಬೇಕಿತ್ತು. ಬದಲಿಗೆ ಹೆಮ್ಮೆ ಬಂತು. ಹಳೆಯ ಟ್ರೇ ಎಲ್ಲ ತೆಗೆದು ಎಲ್ಲ ಡಬ್ಬಿಗಳಿಗೂ ಒಂದೇ ದಿನ ಹೊಸವನ್ನು ಹಾಕಿದೆ.

ಮೂರನೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಜಿರಳೆಗಳು ಅಂಗಾತ ಬಿದ್ದು ಕಾಲಾಡಿಸುತ್ತಿದ್ದವು. ಸಂಜೆಗೆ ಅದೂ ಇರಲಿಲ್ಲ. ಫೋನು ಮಾಡಿದಾಗ ಫಾರಮ್ಮಿನವ ಸಮಾಧಾನದಿಂದಲೇ ಹೇಳಿದ, ಕೋಳಿ ಹೇನಿಗೆಂದು ಶೆಡ್ಡಿಗೆಲ್ಲ ಔಷಧಿ ಪುಡಿ ಹೊಡೆಸಿದ್ದನಂತೆ, ಟ್ರೇಗಳೂ ಅಲ್ಲೇ ಇದ್ದವಂತೆ. ಮೊದಲೇ ಯಾಕೆ ಹೇಳಲಿಲ್ಲವೆಂದು ನಾನು ಕೇಳಿದೆ. “ನೀವು ರೇಟ್ ಒಂದ ಕೇಳಿದ್ರಿ ಶೇಠ್. ಮತ್ತೇನೂ ಕೇಳ್ಲಿಲ್ಲ.”

ನಾಲ್ಕು ವರ್ಷ ನಾನು ಕೈಯಾರೆ ಬೆಳೆಸಿದ ಸಂಸಾರ ಅದು. ಎಂದೂ ಆ ಹೊಸ್ತಿಲು ದಾಟದ ಶೋಭಾ ಅಂದು ಕಸಬರಿಗೆ ಹಿಡಿದು ಒಳಗೆ ಬಂದು, ನನ್ನ ಪಕ್ಕ ಕೂತು, “ಒಂದಾರ ಉಳದಾವೇನ್ರಿ?” ಎಂದಳು. ಒಂದೂ ಉಳಿದಿರಲಿಲ್ಲ.

ಹೊಸ ಬೀಜಕ್ಕೆಂದು ಹೈದರಾಬಾದಿನ ಒಬ್ಬ ವ್ಯಾಪಾರಿಯಿಂದ ತರಿಸಿದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಪುಷ್ಟವಾದ, ಚೂಟಿಯಾದ ಜಿರಳೆಗಳು, ಎಲ್ಲಕ್ಕೂ ರೆಕ್ಕೆ. ನನ್ನಂಥ ಬುದ್ಧಿವಂತ ನಾನೊಬ್ಬನೇ ಎಂಬ ಭ್ರಮೆ ಅವತ್ತು ಹರಿಯಿತು. ಸಿಟ್ಟು ಮಾಡಲು ಮುಖವೇ ಇರಲಿಲ್ಲ. ಇನ್ನು ಧಂದೆ ಬಿಟ್ಟಂತೆಯೇ ಎಂದುಕೊಂಡು, ಹಳೆಯ ಗಿರಾಕಿಗಳಲ್ಲಿ ಯಾರ ಬಳಿಯಾದರೂ ನನ್ನ ಕೈತಪ್ಪಿ ಹೋದ ಹೆಣ್ಣೊಂದು ಓತಿಯ ಬಾಯಿಗೆ ಬೀಳದೆ ಉಳಿದಿರಬಹುದೇ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತ, ಕೊನೆಗೆ ಭಾಲ್ಕಿಯ ಬಸ್ಸು ಹತ್ತಿದೆ.

ಸುನಂದಾಬಾಯಿಯವರ ಪಡಸಾಲೆಯಲ್ಲಿ, ಬುದ್ಧನ ಪಟದ ಕೆಳಗಿನ ಕುರ್ಚಿಯ ತೋಳಿನ ಮೇಲೆ, ತೀರಿಹೋದನೆಂದು ನಾನು ಮರುಗಿದ್ದ ನವಾಬ ಕೊಬ್ಬಿ ಕೂತಿದ್ದ. ನನ್ನ ಕಥೆ ಕೇಳಿ ಅವರು ಹಿಂದಿನ ಕೋಣೆಯಿಂದ ಡಬ್ಬಿಯೊಂದನ್ನು ತಂದಿಟ್ಟರು. ಟ್ರೇಗಳು ಪುಸ್ತಕದ ಹಾಗೆ ನೆಟ್ಟಗೆ ನಿಂತಿದ್ದವು. ಒಂದನ್ನೆತ್ತಿದರೆ ರೆಕ್ಕೆಯಿಲ್ಲದ ಹೆಣ್ಣುಗಳು, ಅವುಗಳ ಸುತ್ತ ಲೆಕ್ಕವಿಲ್ಲದ ಮರಿಗಳು.

“ಇವು ನಿಮ್ಮ ಕೊಸರಿನವ ರೀ ಅಣ್ಣಾರ.”

ನಾನು ಅಭ್ಯಾಸಬಲದಿಂದ ದರ ಕೇಳಿದೆ. ಅವರು ನಕ್ಕರು. “ಇವು ನಾ ಕೊಂಡವಲ್ಲ, ಹ್ಯಾಂಗ ಮಾರ್ಲಿ? ಅರ್ಧ ಒಯ್ರಿ. ಆದ್ರ ಇನ್ನ ಮ್ಯಾಲ ಯಾರಿಗೂ ಬರೇ ಗಂಡು ಕೊಡಬ್ಯಾಡ್ರಿ.”

“ನಿಮಗ ಗೊತ್ತಿತ್ತೇನ್ರಿ?”

“ಲೈಬ್ರರಿಯಾಗ ಕೂಡೋರು ನಾವು. ಒಂದಿಷ್ಟು ಓದ್ತೇವಿ.”

ಜೀವಮಾನದಲ್ಲಿ ಮೊದಲ ಬಾರಿ ಚೌಕಾಶಿ ಮಾಡದೆ ಒಂದು ಷರತ್ತಿಗೆ ಒಪ್ಪಿದೆ. ಬೀದರಿನವರೆಗೂ ಡಬ್ಬಿ ತೊಡೆಯ ಮೇಲೇ ಇತ್ತು. ಪಕ್ಕದವರು ಏನೆಂದು ಕೇಳಿದಾಗ ತವರಿಗೆ ಬರುವ ಹೆಣ್ಣುಮಕ್ಕಳೆಂದೆ. ಅವರು ಸರಿದು ಕೂತರು. ಮನೆಯಲ್ಲಿ ಶೋಭಾ ಬಾಗಿಲಲ್ಲೇ ನಿಂತು ಇಣುಕಿ, ಒಳಗೆ ಹೋಗಿ ಪುಡಿ ತಾಗದ ನಮ್ಮ ಮೊದಲಿನ ಹಳೆಯ ಟ್ರೇಗಳನ್ನು ತಂದುಕೊಟ್ಟಳು. ಬಿಸಾಡು ಎಂದು ನಾನು ಹೇಳಿದ್ದನ್ನು ಅವಳು ಕೇಳಿರಲಿಲ್ಲ.

ಈಗ ಕೊಳ್ಳುವವರಿಗೆ ಹೆಣ್ಣನ್ನೂ ಕೊಡುತ್ತೇನೆ, ಮೇಲೊಂದು ಟ್ರೇ ಕೊಡವುತ್ತೇನೆ. ಕೆಲವು ಗಿರಾಕಿಗಳು ತಿರುಗಿ ಬರುವುದಿಲ್ಲ, ನಿಜ. ಆದರೆ ನನ್ನ ಡಬ್ಬಿ ಮತ್ತೆ ಬರಿದಾದರೆ ತಟ್ಟಲು ನಾಲ್ಕಾರು ಬಾಗಿಲುಗಳಿವೆ.

ಮೊನ್ನೆ ಲಕ್ಷ್ಮೀಬಾಯಿಯ ಮುಂದೆ ಎಂದಿನಂತೆ ಕೈ ಚಾಚಿ ನಿಂತೆ. ಹುಟ್ಟುಗುಣ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಅವಳು ಈ ಸಲ ಮೆಣಸಿನಕಾಯಿ ಮುಟ್ಟದೆ, ಡೊಂಕಾದ ಎರಡು ಗಜ್ಜರಿ ನನ್ನ ಅಂಗೈಯಲ್ಲಿಟ್ಟಳು. “ಇವು ನಿಮಗಲ್ರಿ, ನಿಮ್ಮ ಜಿರಳಿಗಿ.” ಪುಕ್ಕಟೆ ಸಿಕ್ಕಿದ್ದನ್ನು ಮರುಮಾತಿಲ್ಲದೆ ಚೀಲಕ್ಕೆ ಸೇರಿಸುವ ಮನುಷ್ಯ ನಾನು, ಅದನ್ನು ಮೂಗಿಗೆ ಹಿಡಿದು, ಇದಕ್ಕೆ ಔಷಧಿ ಹೊಡೆದಿದ್ದಾರೇನೆಂದು ಕೇಳಿದೆ.