ಇಟಲಿಯ ಗೆರೆಯನ್ನು ಮತ್ತೆ ಎಬ್ಬಿಸಿದ ಮೇಸ್ತ್ರಿ

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಸುತ್ತಿಗೆಯ ಒಂದು ಏಟಿನ ಕಪ್ಪು ಬೆಳೆದು ಹೋಗುವಷ್ಟರಲ್ಲಿ ಇನ್ನೊಂದು ಬಿದ್ದಿರುತ್ತಿತ್ತು. ಸೌದಿಯ ದಮ್ಮಾಮಿನ ನಮ್ಮ ಕಾರು ಶೋರೂಮಿನ ವರ್ಕ್‌ಶಾಪಿನಲ್ಲಿ ಅವರು ಟಿಂಕರಿಂಗ್ ಮೇಸ್ತ್ರಿ, ಊರು ಉಳ್ಳಾಲ. ಜಜ್ಜಿದ ಬಾಗಿಲು ಬಂದರೆ ಮೊದಲು ಕಣ್ಣು ಮುಚ್ಚಿ ಅಂಗೈಯಿಂದ ಸವರುತ್ತಿದ್ದರು. "ಕಣ್ಣು ಸುಳ್ಳು ಹೇಳ್ತದೆ ಮಾರಾಯ, ಕೈ ಹೇಳುದಿಲ್ಲ" ಎನ್ನುತ್ತಿದ್ದರು. ಪುಟ್ಟಿ ಮೆತ್ತಿ ತಗ್ಗು ಮುಚ್ಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

೨೦೧೦ರ ದಶಕದ ನಡುವಿನ ಮಾತು. ನಾವು ಮಾರುತ್ತಿದ್ದ ಕಾರಿನ ಜಪಾನಿ ಕಂಪನಿ ಇಟಲಿಯ ಒಂದು ವಿನ್ಯಾಸ ಸಂಸ್ಥೆಯೊಂದಿಗೆ ಸೇರಿ ಹೊಸ ಕಾರು ಮಾಡಿತ್ತು. ಎಂಜಿನ್ ಜಪಾನಿನದು, ಮೈಕಟ್ಟು ಇಟಲಿಯದು. ಅದರ ಮೊದಲ ಮಾದರಿಗಳಲ್ಲೊಂದು ಪ್ರದರ್ಶನಕ್ಕೆಂದು ನಮ್ಮಲ್ಲಿಗೆ ಬಂತು. ಜೊತೆಗೆ ಇಟಲಿಯ ವಿನ್ಯಾಸಗಾರ, ಜಪಾನಿನ ಎಂಜಿನಿಯರ್.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಸ್ಟೋರಿನ ಟ್ರಾಲಿ ನನ್ನ ಕೈತಪ್ಪಿ ಆ ಹೊಸ ಕಾರಿನ ಬಾಗಿಲಿಗೆ ಬಡಿಯಿತು. ಟ್ರಾಲಿಗೆ ರಬ್ಬರ್ ಪಟ್ಟಿ ಇದ್ದುದರಿಂದ ಬಣ್ಣ ಉಳಿಯಿತು. ಆದರೆ ಬಾಗಿಲುದ್ದಕ್ಕೂ ಓಡುವ ಉಬ್ಬುಗೆರೆ ನಡುವೆ ಅಂಗೈಯಗಲ ಕುಸಿದಿತ್ತು. ನೋಡಿದ್ದು ಮೇಸ್ತ್ರಿ ಒಬ್ಬರೇ. ನಾನು ಸ್ಟೋರಿನ ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಇಲ್ಲಿ ಇರಲು ಕೊಟ್ಟ ಇಕಾಮಾ ಪರವಾನಗಿ ಹೋಯಿತು, ಇನ್ನು ಊರೇ ಗತಿ ಎಂದುಕೊಂಡೆ.

"ಯಾರು ಮಾಡಿದ್ದು?" ನಮ್ಮ ಭಟ್ಕಳದ ಮ್ಯಾನೇಜರ್ ಕೂಗಾಡಿದರು.

"ಅದು ಮತ್ತೆ ಸರ್. ಮೊದಲು ಬಾಗಿಲು ಬಿಚ್ಚುವ" ಎಂದರು ಮೇಸ್ತ್ರಿ.

ಇಟಲಿಯವನು, ಗೆರೆಯ ಮೇಲೆ ಬೆಳಕು ಎಲ್ಲೂ ತಡೆಯದೆ ಹರಿಯಬೇಕು ಎಂದ. ಜಪಾನಿನವರು ಅಳತೆಪಟ್ಟಿ ತೆಗೆದು, ಅರ್ಧ ಮಿಲಿಮೀಟರ್ ಕೂಡ ತಪ್ಪಬಾರದು ಎಂದರು. ಇಬ್ಬರಿಗೂ ವಾದ ಹತ್ತಿತು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮೇಸ್ತ್ರಿ ನಕ್ಕರು. "ಇಬ್ಬರದ್ದೂ ಸರಿ. ಸ್ವಲ್ಪ ಹೊತ್ತು ಸುಮ್ಮನಿರ್ಲಿಕ್ಕೆ ಹೇಳು."

ಬಣ್ಣ ಒಡೆಯದಂತೆ ಒಳಗಿನಿಂದ ಮೆಲ್ಲ ಮೆಲ್ಲನೆ ತಟ್ಟಿದರು, ಸವರಿದರು, ಮತ್ತೆ ತಟ್ಟಿದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಬಿಸಿಲು ಇಳಿದು ಅಸರ್ ನಮಾಜಿನ ಬಾಂಗು ಕೇಳುವ ಹೊತ್ತಿಗೆ ಸುತ್ತಿಗೆ ಕೆಳಗಿಟ್ಟರು.

ಜಪಾನಿನವರು ಹತ್ತು ಕಡೆ ಅಳೆದರು. ಇಟಲಿಯವನು ಬಾಗಿಲನ್ನು ಎರಡೆರಡು ಸಲ ಸವರಿ, "ಎಲ್ಲಿತ್ತು ತಗ್ಗು?" ಎಂದು ನನ್ನನ್ನೇ ಕೇಳಿದ. ಜಪಾನಿನವರು ಮೇಸ್ತ್ರಿಯ ಮುಂದೆ ಸೊಂಟದವರೆಗೆ ಬಾಗಿ ವಂದಿಸಿದರು. ಏನು ಮಾಡುವುದೆಂದು ತೋಚದೆ ಮೇಸ್ತ್ರಿಯೂ ಬಾಗಿದರು. ವರ್ಕ್‌ಶಾಪಿನ ಮಲಯಾಳಿಗಳು, ಪಾಕಿಸ್ತಾನಿಗಳು, ಯೆಮನಿನವರು ಎಲ್ಲ ಚಪ್ಪಾಳೆ ತಟ್ಟಿದರು. ನಮ್ಮ ಕಡಲ ಕರೆಯ ಒಂದು ಜೊತೆ ಕೈ ಎರಡು ದೇಶಗಳ ಜಗಳ ಬಿಡಿಸಿತ್ತು. ಅಷ್ಟು ಹೆಮ್ಮೆಯಿಂದ ನಾನು ಶೋರೂಮಿನ ಗೇಟು ದಾಟಿದ್ದು ಅದೇ ಮೊದಲು.

ಯಾರು ಮಾಡಿದ್ದೆಂದು ಮ್ಯಾನೇಜರ್ ಮತ್ತೆ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಕೆಲವು ವರ್ಷಗಳ ನಂತರ ಮೇಸ್ತ್ರಿ ಕೆಲಸ ಬಿಟ್ಟು ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂಬ ಸುದ್ದಿ ಬಂದ ದಿನ ನಾನು ಮ್ಯಾನೇಜರರ ಕೋಣೆಗೆ ಹೋಗಿ ಹೇಳಿಬಿಟ್ಟೆ: "ಆ ಬಾಗಿಲಿಗೆ ಟ್ರಾಲಿ ತಾಗಿಸಿದ್ದು ನಾನು ಸರ್."

"ಗೊತ್ತುಂಟು. ಮೇಸ್ತ್ರಿ ಅವತ್ತೇ ಹೇಳಿದ್ದಾರೆ. 'ಅವನನ್ನು ಊರಿಗೆ ಕಳಿಸುದಾದ್ರೆ ನನಗೂ ಒಂದು ಟಿಕೆಟ್ ಮಾಡಿ' ಅಂತ."

ಆ ಮಾತು ಹೇಳಿದಾಗ ಮೇಸ್ತ್ರಿಯ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ಮದುವೆಯಾಗಿರಲಿಲ್ಲ.