ನಮಗೆ ಕೊಟ್ಟ ಕಾವಲು

ಗೆಳತಿಯರೇ, ಇವತ್ತು ಪ್ರಿನ್ಸಿಪಾಲರ ಕೋಣೆಯಲ್ಲಿ ನಡೆದದ್ದನ್ನು ಕೇಳಿ. ನಮ್ಮ ಕಾಲೇಜಿನ ಪದ್ಧತಿ ಗೊತ್ತಲ್ಲ, ಹುಡುಗಿಯರು ಲೇಡೀಸ್ ರೂಮಿನಲ್ಲೇ ಕಾದಿದ್ದು, ಮೇಷ್ಟ್ರು ಬಂದಮೇಲೆ ಅವರ ಹಿಂದೆಯೇ ತರಗತಿಗೆ ಹೋಗಬೇಕು. ಹುಡುಗರ ಕಾಟ ಇರಬಾರದಂತೆ.

ಬೆಳಿಗ್ಗೆ ಲ್ಯಾಬಿನಿಂದ ಬಂದ ಗಣಿಯೂರು ಚಾಂಪಿಯನ್ ರೀಫ್ಸಿನಿಂದ ದಿನಾ ರೈಲಿನಲ್ಲಿ ಬರುವ ಸರೋಜ ದಾವಣಿಯನ್ನು ಬಿಗಿಯಾಗಿ ಹೊದ್ದುಕೊಂಡು ಲೇಡೀಸ್ ರೂಮಿನ ಮೂಲೆಯಲ್ಲಿ ಕುಳಿತಳು.

"ಕೆಮಿಸ್ಟ್ರಿ ಮೇಷ್ಟ್ರು ಸೊಂಟಕ್ಕೆ ಕೈ ಆಕಿದ್ರು ಕಣೇ. ಮನೇಲಿ ಏಳಿದ್ರೆ ನನ್ನ ಓದೇ ಬಿಡಿಸ್ಬುಡ್ತಾರೆ."

ಅವಳನ್ನು ಕರೆದುಕೊಂಡು ಪ್ರಿನ್ಸಿಪಾಲರ ಬಳಿ ಹೋದೆ. "ಸಾರ್, ಸರೋಜಳ ಮೈ ಮುಟ್ಟಿದ್ದಾರೆ" ಎನ್ನುವಷ್ಟರಲ್ಲೇ ಅವರು ಕೈಯೆತ್ತಿ ನನ್ನ ಮಾತು ತಡೆದರು. ಯಾರು ಎಂದು ಅವರು ಕೇಳಲೇ ಇಲ್ಲ.

"ಈ ಪೋಲಿ ಹುಡುಗರಿಗೆ ಬುದ್ಧಿ ಕಲಿಸ್ತೀನಿ" ಎಂದು ಗುಡುಗಿ, ಕೆಮಿಸ್ಟ್ರಿ ಮೇಷ್ಟ್ರನ್ನೇ ಕರೆಸಿದರು. "ಇವತ್ತಿನಿಂದ ಈ ಮಕ್ಕಳನ್ನು ಸಂಜೆ ಬಂಗಾರಪೇಟೆ ಸ್ಟೇಷನ್ನಿನವರೆಗೂ ನೀವೇ ಬಿಟ್ಟು ಬನ್ನಿ."

"ಆಗಲಿ ಸಾರ್, ನನ್ನ ಜವಾಬ್ದಾರಿ" ಎಂದರು ಮೇಷ್ಟ್ರು, ಸರೋಜಳನ್ನೇ ನೋಡುತ್ತ. ಅವಳ ಉಗುರು ನನ್ನ ಅಂಗೈಗೆ ನಾಟಿತು.

ಲೇಡೀಸ್ ರೂಮಿನ ಚಿಲಕ ಹಾಕಿಕೊಂಡು, ಸರೋಜಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕೊನೆಯ ಗಂಟೆಯೂ ಆಯಿತು. ಯಾರೋ ಬಾಗಿಲು ತಟ್ಟುತ್ತಿದ್ದಾರೆ.

ಹೆದರಬೇಡಿ ಗೆಳತಿಯರೇ, ಹುಡುಗರಲ್ಲ.