ಪುಸ್ತಕಕ್ಕೆ ಅರಗು ಹಚ್ಚಿದ ಅಖ್ತರಿ

ಬೆಳಗಿನ ಆರು ಗಂಟೆ. ಚನ್ನಪಟ್ಟಣದ ಹೊರಅಂಚಿನ ಹೈಸ್ಕೂಲೊಂದರ ಹಿಂದಿನ ಜಗಲಿಯಲ್ಲಿ ಸ್ಟೌ ಬುಸುಗುಡುತ್ತಿದೆ. ಅದರ ಮೇಲಿನ ಪಾತ್ರೆಯಲ್ಲಿ ಬೆಳ್ಳಗೆ ಕುದಿಯುತ್ತಿರುವುದನ್ನು ದೂರದಿಂದ ಕಂಡವರು ಗಂಜಿ ಎಂದುಕೊಂಡರೆ ತಪ್ಪೇನಿಲ್ಲ. ಅಖ್ತರಿ ಸೌಟು ತಿರುವುತ್ತ, ಕಾಗದದ ಪೊಟ್ಟಣ ಬಿಚ್ಚಿ ಚಿಟಿಕೆ ಮೈಲುತುತ್ತ ಉದುರಿಸುತ್ತಾರೆ. ಗಂಜಿ ತಿಳಿನೀಲಿಗೆ ತಿರುಗುತ್ತದೆ. ಇದು ಮೈದಾ ಅಂಟು. ಹರಿದ ಪುಸ್ತಕ ಕಟ್ಟುವುದಕ್ಕೆ.

"ಹಾಲಿನ ಕೆಂಪಯ್ಯ ಒಂದಿನ ಬಂದು, ಅಕ್ಕಾ ನಂಗೂ ಒಸಿ ಕೊಡು ಅಂದ. ಕುಡುದ್ರೆ ಇಲ್ಲೇ ಮಲಿಕಬೇಕಾಯ್ತದೆ ಕಣಣ್ಣ, ಹುಳ ಬರ್ದಂಗೆ ಹಾಕಿರೋ ವಿಷ ಇದು ಅಂದೆ. ಆವತ್ತಿಂದ ನಮ್ಮ ಸ್ಕೂಲಲ್ಲಿ ನೀರೂ ಕುಡಿಯಲ್ಲ ಅವ್ನು" ಎಂದು ನಗುತ್ತಾರೆ ಅಖ್ತರಿ.

ಅಂಟು ಆರುವಷ್ಟರಲ್ಲಿ ಮಡಿಲಲ್ಲೊಂದು ಪುಸ್ತಕ ಬಂದು ಕೂತಿರುತ್ತದೆ. ಬೆನ್ನು ಕಿತ್ತುಹೋದ ಕಥೆ ಪುಸ್ತಕ. ಹಳೆಯ ಪಂಚೆಯಿಂದ ಕತ್ತರಿಸಿದ ಬಟ್ಟೆಪಟ್ಟಿಗೆ ಅಂಟು ಸವರಿ, ಬೆನ್ನಿಗೆ ಹಿಡಿದು, ಉಗುರಿನಿಂದ ಎಳೆದು ಕೂರಿಸುತ್ತಾರೆ. ಮೇಲೊಂದು ಹಲಗೆ, ಹಲಗೆಯ ಮೇಲೆ ಬಿಸಿಯೂಟದ ಕೋಣೆಯಿಂದ ತಂದ ಗುಂಡುಕಲ್ಲು. ಪ್ರಾರ್ಥನೆಯ ಬೆಲ್ ಹೊಡೆಯುವ ಮುಂಚೆ ಎರಡು ಮೂರು ಪುಸ್ತಕ ಆದರೆ ಅವತ್ತಿನ ಮಟ್ಟಿಗೆ ಗೆದ್ದಂತೆ. ಆಮೇಲೆ ಅವರು ಪುಸ್ತಕದವರಲ್ಲ. ಬೆಲ್, ಕಸಪೊರಕೆ, ನೀರಿನ ಡ್ರಮ್ಮು, ಸ್ಟಾಫ್ ರೂಮಿನ ಟೀ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಎಲ್ಲರಿಗಿಂತ ಕೆಳಗಿದೆ, ಡಿ ದರ್ಜೆ ನೌಕರರ ಸಾಲಿನಲ್ಲಿ.

ಶಾಲೆಯ ಹೆಸರು ಬರೆಯಬೇಡಿ ಎಂದು ಹೆಡ್‌ಮಾಸ್ತರು ರಾಮಲಿಂಗಯ್ಯ ಕೇಳಿಕೊಂಡಿದ್ದಾರೆ. ಯಾಕೆನ್ನುವುದು ಮುಂದೆ ಗೊತ್ತಾಗುತ್ತದೆ.

ಇಲ್ಲಿದ್ದ ಗ್ರಂಥಪಾಲಕರು ನಿವೃತ್ತರಾಗಿ ಹೋದ ಮೇಲೆ ಆ ಕುರ್ಚಿಗೆ ಬೇರೆ ಯಾರೂ ಬರಲಿಲ್ಲ. ಶೀಟಿನ ಮಾಡಿನ ಸಣ್ಣ ಕೋಣೆ, ಎರಡು ಕಬ್ಬಿಣದ ಬೀರು, ಅದರ ತುಂಬ ಪುಸ್ತಕ. ಅಂದಿನ ಹೆಡ್‌ಮಾಸ್ತರು ಬೀಗದ ಕೈ ತೆಗೆದು ಅಖ್ತರಿಗೆ ಕೊಟ್ಟು, ಮಕ್ಕಳು ಕೇಳಿದಾಗ ತೆಗೆದುಕೊಡಮ್ಮ ಎಂದರು. ಆದೇಶವಿಲ್ಲ, ಸಂಬಳದಲ್ಲಿ ಹೆಚ್ಚಳವಿಲ್ಲ. ಆದರೆ ಉರ್ದು ಶಾಲೆಯಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟಿದ್ದ ಅಖ್ತರಿಗೆ ಆ ಬೀಗದ ಕೈ ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ದಿನ ನಡಿಗೆಯೇ ಬದಲಾಯಿತಂತೆ. ಮಕ್ಕಳು 'ಆಪಾ, ಆ ಕೋತಿ ಪುಸ್ತಕ ಕೊಡಿ' ಎಂದು ಸುತ್ತುವರಿಯುವುದು, ಅವರು ಗದರಿಕೊಂಡೇ ಹುಡುಕಿ ಕೊಡುವುದು ವರ್ಷಗಟ್ಟಲೆ ನಡೆಯಿತು. ಕನ್ನಡ ಓದುವುದನ್ನು ಅವರು ಸರಿಯಾಗಿ ಕಲಿತದ್ದೂ ಆ ಕೋಣೆಯಲ್ಲೇ, ಮಕ್ಕಳ ಕಥೆಗಳಿಂದ.

ಅಖ್ತರಿ ಹುಟ್ಟಿದ್ದು ಗೊಂಬೆ ಮಾಡುವವರ ಬೀದಿಯಲ್ಲಿ. ತಂದೆ ವಹಾಬ್ ಲೇತಿನ ಮುಂದೆ ಕೂತರೆ ಮಗಳು ಪಕ್ಕದಲ್ಲಿ ಅರಗಿನ ಕಡ್ಡಿ ಹಿಡಿದು ಕೂರುತ್ತಿದ್ದಳು. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ತಾಳೆಗರಿಯಲ್ಲಿ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ಮದುವೆಯಾದ ಮಕ್ಬೂಲ್ ಕೂಡ ಅದೇ ಕಸುಬಿನವರು. ಹೀಗಾಗಿ ಅಖ್ತರಿಯ ಲೆಕ್ಕದಲ್ಲಿ ಯಾವುದೇ ವಸ್ತು ಬಾಳಿಕೆ ಬರಬೇಕಾದರೆ ಅದಕ್ಕೆ ಇರುವುದು ಒಂದೇ ಮದ್ದು. ಎಡವಟ್ಟಾಗಿದ್ದು ಅಲ್ಲೇ.

ನಾಲ್ಕು ವರ್ಷದ ಹಿಂದೆ ಪುಸ್ತಕಗಳ ಬೆನ್ನು ಒಂದೊಂದಾಗಿ ಕಿತ್ತುಬರತೊಡಗಿದವು. ಕೊಂಡು ತರೋಣವೆಂದರೆ ಕೆಲವು ಪುಸ್ತಕ ಈಗ ಎಲ್ಲೂ ಸಿಗುವುದಿಲ್ಲ. ಬೇಸಿಗೆ ರಜೆಯ ಹೊಸ್ತಿಲಲ್ಲಿ ಅಖ್ತರಿ ಒಂದು ಇಡೀ ಸಾಲನ್ನು ಚೀಲದಲ್ಲಿ ಮನೆಗೆ ಹೊತ್ತರು. ಗಂಡ ಹೆಂಡತಿ ಒಲೆಯ ಮುಂದೆ ಕೂತು, ಅರಗು ಕಾಯಿಸಿ ಬೆನ್ನಿಗೆ ಸವರಿ, ಗರಿಯಲ್ಲಿ ತಿಕ್ಕಿದರು. ಕಥೆಗೆ ಕೆಂಪು, ವಿಜ್ಞಾನಕ್ಕೆ ಹಸಿರು, ಉರ್ದು ಪುಸ್ತಕಗಳಿಗೆ ಹಳದಿ. ಬೆನ್ನಿಗಷ್ಟೇ ಬಿಟ್ಟಿದ್ದರೆ ಬಚಾವಾಗುತ್ತಿತ್ತೇನೋ. ಹೊಳಪು ಚೆಂದ ಕಂಡಿತೆಂದು ರಟ್ಟಿಗೂ ಎರಡೂ ಕಡೆ ಹಚ್ಚಿದರು.

"ಗೊಂಬೆಗಿಂತ ಚೆನ್ನಾಗಿ ಬಂದಿದ್ವು ಸಾರ್. ನಾನೇ ಎತ್ತಿ ಎತ್ತಿ ನೋಡಿದ್ದೀನಿ" ಎನ್ನುತ್ತಾರೆ ಮಕ್ಬೂಲ್. ಆ ಕೆಲಸದ ಬಗ್ಗೆ ಅವರಿಗೆ ಈಗಲೂ ಒಳಗೊಳಗೇ ಹೆಮ್ಮೆಯಿದ್ದಂತಿದೆ.

ಅಖ್ತರಿ ಪುಸ್ತಕಗಳನ್ನು ಬೀರುವಿನಲ್ಲಿ ಒತ್ತಾಗಿ ಜೋಡಿಸಿ ಬೀಗ ಹಾಕಿದರು. ಹೊರಗೆ ಏಪ್ರಿಲ್, ಮೇಲೆ ಶೀಟು, ಒಳಗೆ ಕಬ್ಬಿಣ. ಜೂನಿನಲ್ಲಿ ಶಾಲೆ ಶುರುವಾದಾಗ ಮೊದಲ ಪುಸ್ತಕ ಎಳೆದರೆ ಇಡೀ ಸಾಲು ಎದ್ದು ಬಂತು. ಸೆಖೆಗೆ ಮೆತ್ತಗಾದ ಅರಗು ಪಕ್ಕದ ಪುಸ್ತಕವನ್ನು ತಬ್ಬಿ ಹಿಡಿದು ಮತ್ತೆ ಗಟ್ಟಿಯಾಗಿತ್ತು. ಕೆಂಪು, ಹಸಿರು, ಹಳದಿ ಪಟ್ಟೆಯ ಒಂದೇ ಒಂದು ದಿಮ್ಮಿ. ಮಕ್ಕಳು ನಕ್ಕಿದ್ದೇ ನಕ್ಕಿದ್ದು.

ರಾಮಲಿಂಗಯ್ಯ ಆ ವರ್ಷವಷ್ಟೇ ಕನಕಪುರದಿಂದ ವರ್ಗವಾಗಿ ಬಂದಿದ್ದರು. ಕೂಗಾಡುವ ಪೈಕಿ ಅಲ್ಲ. ದಿಮ್ಮಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೊನೆಗೆ ಕೈಚಾಚಿ, "ಬೀಗದ ಕೈ ಕೊಡಮ್ಮ" ಎಂದರು.

"ಬೈದಿದ್ರೆ ತಡ್ಕತಿದ್ದೆ. ಬೈನಿಲ್ಲ. ಸೆರಗಿನ ಗಂಟು ಬಿಚ್ಚಕ್ಕೇ ಆಗ್ನಿಲ್ಲ ನಂಗೆ. ಕನ್ನಡದ ಶಿವಲಿಂಗಮ್ಮ ಮಿಸ್ಸೇ ಬಿಚ್ಚಿ ಕೊಟ್ರು" ಎನ್ನುತ್ತಾರೆ ಅಖ್ತರಿ. ಇದನ್ನು ಹೇಳುವಾಗ ಮಾತ್ರ ಅವರ ಕೈ ಕೆಲಸ ನಿಲ್ಲಿಸುತ್ತದೆ.

ಅವತ್ತಿನಿಂದ ಬೀರು ಮುಚ್ಚಿತು. ಮಕ್ಕಳು ಕೆಲವು ದಿನ ಕೇಳಿದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಅಖ್ತರಿಗೆ ನುಂಗಲಾಗದೆ ಹೋದದ್ದು ಇದು. ತಪ್ಪು ಮಾಡಿದವಳು ತಾನು, ಪುಸ್ತಕವಿಲ್ಲದೆ ಕೂತವರು ಮಕ್ಕಳು.

ಮಕ್ಬೂಲ್ ಸುಲಭದ ಉಪಾಯ ಹೇಳಿದರು. ಕಾಯಿಸು, ಅರಗು ಬಿಟ್ಟುಕೊಳ್ಳುತ್ತದೆ. ಅಖ್ತರಿಗೆ ಧೈರ್ಯ ಬರಲಿಲ್ಲ. ಒಮ್ಮೆ ಗಂಡನ ಕಸುಬು ನಂಬಿ ಆದದ್ದು ಸಾಕಾಗಿತ್ತು.

ಅಷ್ಟರಲ್ಲಿ ರಾಮನಗರದಿಂದ ಸುತ್ತೋಲೆ ಬಂತು. ಗ್ರಂಥಾಲಯ ನೋಡಿಕೊಳ್ಳುವ ಶಾಲಾ ಸಿಬ್ಬಂದಿಗೆ ಮೂರು ದಿನದ ತರಬೇತಿ. ಇಂಥ ತರಬೇತಿ ವರ್ಷಕ್ಕೊಂದು ಬರುತ್ತದೆ, ಮೇಷ್ಟ್ರುಗಳು ಸರದಿಯ ಮೇಲೆ ಹೋಗುತ್ತಾರೆ. ಬರುವಾಗ ಒಂದು ಬ್ಯಾಗು, ಒಂದು ಪೆನ್ನು, ಗ್ರೂಪ್ ಫೋಟೊ. ಕಲಿತದ್ದೆಲ್ಲ ಆ ಬ್ಯಾಗಿನಲ್ಲೇ ಉಳಿಯುತ್ತದೆ ಎಂದು ಮೂಗು ಮುರಿಯುವುದು ಸುಲಭ. ಪಾಠ, ಪರೀಕ್ಷೆ, ಚುನಾವಣೆ ಡ್ಯೂಟಿಯ ನಡುವೆ ಬೀರು ತೆರೆಯುವ ಪುರುಸೊತ್ತು ಅವರಿಗೂ ಇಲ್ಲ. ಬೀರು ತೆರೆಯುವವರನ್ನು ತರಬೇತಿಗೆ ಕಳಿಸಬಹುದು ಎಂಬುದು ಮಾತ್ರ ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ.

ಆ ಸಲ ಸರದಿ ಕನ್ನಡದ ಶಿವಲಿಂಗಮ್ಮನವರದು. ಸ್ಟಾಫ್ ರೂಮಿನಲ್ಲಿ ಅವರು ಸುತ್ತೋಲೆ ಓದುತ್ತಿದ್ದಾಗ ಟೀ ಕೊಡುತ್ತಿದ್ದ ಅಖ್ತರಿಯ ಕಿವಿಗೆ 'ಪುಸ್ತಕ ದುರಸ್ತಿ' ಎಂಬ ಮಾತು ಬಿತ್ತು. ತಟ್ಟೆ ಅಲ್ಲೇ ಇಟ್ಟು ಹೆಡ್‌ಮಾಸ್ತರ ಕೋಣೆಗೆ ಹೋದರು.

"ಸಾರ್, ಈ ಸಲ ನನ್ನ ಕಳುಸ್ತೀರಾ?"

"ಅದು ಟೀಚರ್ಸ್‌ಗೆ ಕಣಮ್ಮ. ನೀನು ಹೋಗಿ ಏನ್ಮಾಡ್ತೀಯ?"

"ಅಂಟ್ಸಿದ್ದು ನಾನು ಸಾರ್. ಬಿಡ್ಸೋದ್ನೂ ನಾನೇ ಕಲೀಬೇಕಲ್ವಾ?"

ರಾಮಲಿಂಗಯ್ಯ, "ಬೆಲ್ ಹೊಡಿಯೋರು ಯಾರು?" ಎಂದರು.

ಬಾಗಿಲಲ್ಲಿ ನಿಂತಿದ್ದ ಶಿವಲಿಂಗಮ್ಮ, "ಬೆಲ್ ನಾನು ಹೊಡೀತೀನಿ ಸಾರ್, ಅವರೇ ಹೋಗ್ಲಿ" ಎಂದರು. ಹೊಡೆದರು ಕೂಡ. ಎರಡನೇ ದಿನ ಊಟದ ಬೆಲ್ಲು ಬೇಗನೇ ಬಾರಿಸಿ, ಅಡುಗೆಯವರ ಕೈಲಿ ಬೈಸಿಕೊಂಡದ್ದನ್ನು ಅವರೇ ಹೇಳಿಕೊಂಡು ನಗುತ್ತಾರೆ.

ಬೆಳಗಿನ ರೈಲಿನಲ್ಲಿ ಅಖ್ತರಿ ರಾಮನಗರಕ್ಕೆ ಹೋದರು. ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಟ, ನೂಲು ತೆಗೆಯುವ ರೀಲರುಗಳ ನಡುವೆ, ಚೀಲವನ್ನು ಎದೆಗೊತ್ತಿಕೊಂಡು. ಚೀಲದಲ್ಲಿ ಹೆಡ್‌ಮಾಸ್ತರನ್ನು ಕೇಳಿ ತಂದಿದ್ದ ದಿಮ್ಮಿಯ ಒಂದು ತುಂಡು, ನಾಲ್ಕು ಪುಸ್ತಕದಷ್ಟು. ತರಬೇತಿಯ ಸಭಾಂಗಣದ ಬಾಗಿಲಲ್ಲಿ ಒಬ್ಬರು ಇವರನ್ನು ನೋಡಿದ್ದೇ, "ಟೀ ಎಲ್ಲಮ್ಮ, ಇನ್ನೂ ತಂದಿಲ್ವಾ?" ಎಂದರು.

"ಕೇಳಿದ್ರು, ಹುಡುಕ್ಕೊಂಡು ಹೋಗಿ ತಂದೆ, ಎಲ್ರಿಗೂ ಕೊಟ್ಟೆ. ನಾನೂ ಒಂದು ಲೋಟ ತಗಂಡು ಹೋಗಿ ಕುರ್ಚಿ ಮೇಲೆ ಕೂತ್ಕಂಡೆ. ಅವ್ರಿಗೇ ಒಂಥರಾ ಆಗ್ಬುಡ್ತು ಪಾಪ" ಎನ್ನುತ್ತಾರೆ ಅಖ್ತರಿ. ಆ ಮಾತಿನಲ್ಲಿ ಕಹಿಯಿಲ್ಲ. ಇರಬೇಕಿತ್ತು ಎಂದು ಕೇಳಿದವರಿಗೆ ಅನಿಸುತ್ತದೆ.

ಮೊದಲ ಎರಡು ದಿನ ಕಂಪ್ಯೂಟರು, ವಿಷಯವಾರು ಪುಸ್ತಕಕ್ಕೆ ನಂಬರು ಕೊಡುವುದು. ಅರ್ಧ ತಲೆಗೆ ಹೋಗಲಿಲ್ಲ. "ಐನೂರು ಅಂದ್ರೆ ವಿಜ್ಞಾನವಂತೆ. ಯಾಕೆ ಐನೂರು ಅಂತ ಕೇಳನ ಅನ್ಕಂಡೆ. ಸುತ್ತ ಎಲ್ಲಾ ಟೀಚರ್‌ಗಳು, ಬಾಯೇ ಬರ್ನಿಲ್ಲ."

ಮೂರನೇ ದಿನ ಬಂದವರು ಮಾಗಡಿಯ ಹುಚ್ಚಯ್ಯ. ಜೀವಮಾನವೆಲ್ಲ ಪುಸ್ತಕ ಕಟ್ಟಿ, ಈಗ ಕಟ್ಟುವುದನ್ನು ಕಲಿಸುವ ವಯಸ್ಸಾದ ಬೈಂಡರು. ಹಾಳಾದ ಪುಸ್ತಕ ಯಾರಾದರೂ ತಂದಿದ್ದೀರಾ ಎಂದು ಅವರು ಕೇಳಿದಾಗ ಅಖ್ತರಿ ಎದ್ದು ಹೋಗಿ ತಮ್ಮ ತುಂಡನ್ನು ಮೇಜಿನ ಮೇಲಿಟ್ಟರು. ಇಟ್ಟಿಗೆ ಇಟ್ಟ ಹಾಗೆ ಸದ್ದಾಯಿತು. ಸಭಾಂಗಣವೆಲ್ಲ ನಕ್ಕಿತು. ಹುಚ್ಚಯ್ಯ ನಗಲಿಲ್ಲ. ಎತ್ತಿ ಮೂಸಿದರು.

"ಅರಗು. ಯಾರವ್ವ ಹಚ್ಚಿದ್ದು?"

"ನಾನೇ. ಗೊಂಬೆ ಮಾಡೋರು ಸಾರ್ ನಾವು. ಗಟ್ಟಿಯಾಗ್ಲಿ ಅಂತ ಹಚ್ಬುಟ್ಟೆ."

"ಗಟ್ಟಿಯೇನೋ ಆಗೈತೆ ಬುಡು. ಕಾಯ್ಸಿ ಬಿಡ್ಸಾಕೆ ನೋಡಿದ್ಯಾ?"

"ನಮ್ಮನೆಯೋರು ಹೇಳಿದ್ರು. ಭಯ ಆಗಿ ಸುಮ್ನಾದೆ."

"ಒಳ್ಳೇದಾಯ್ತು. ಕಾಯ್ಸಿದ್ರೆ ಅರಗು ಹಾಳೆಯೊಳಕ್ಕೇ ಇಳ್ಕಬುಡೋದು" ಎಂದ ಹುಚ್ಚಯ್ಯ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಎರಡು ರಟ್ಟುಗಳ ನಡುವಿನ ಗೆರೆಗೆ ಒತ್ತಿದರು. ಕಾದರು. ತೆಳ್ಳನೆಯ ಬಿದಿರು ಸೀಳು ತೂರಿಸಿ, ಮತ್ತೆ ಹತ್ತಿ, ಮತ್ತೆ ಕಾಯುವುದು. ಅರ್ಧ ಗಂಟೆಗೆ ಮೊದಲ ಪುಸ್ತಕ ಬಿಟ್ಟುಕೊಂಡಿತು. ಎರಡನೆಯದಕ್ಕೆ ಬಿದಿರು ಸೀಳನ್ನು ಅಖ್ತರಿಯ ಕೈಗೆ ಕೊಟ್ಟರು. ಅದೂ ಬಿಟ್ಟುಕೊಂಡಾಗ ಅಖ್ತರಿಗೆ ಅಳು ತಡೆಯಲಾಗಲಿಲ್ಲ. ಅಷ್ಟೂ ಜನರ ಎದುರಿಗೆ ಅತ್ತರು.

"ನಮ್ಮ ಬೀದೀಲೇ ಬಾಗ್ಲಿಗೆ ಪಾಲಿಶ್ ಹೊಡಿಯೋರು ಅವ್ರೆ. ಸ್ಪಿರಿಟ್‌ನಲ್ಲಿ ಅರಗು ಕರಗ್ಸೋದ್ನ ದಿನಾ ನೋಡ್ತೀನಿ. ನೋಡಿದ್ರೂ ಹೊಳೀನಿಲ್ಲ ನಂಗೆ" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ವಾಪಸು ಬಂದ ಮೇಲೆ ರಾಮಲಿಂಗಯ್ಯ ದಿನಾ ತಾವೇ ಬೀರು ತೆರೆದು, ಒಂದೊಂದು ತುಂಡು ಎಣಿಸಿ ಕೊಟ್ಟರು. ಆರು ಗಂಟೆಗೆ ಜಗಲಿಗೆ ಬರುವ ರೂಢಿ ಶುರುವಾದದ್ದು ಆಗ. ಮಳೆಗಾಲ ಮುಗಿಯುವವರೆಗೂ ಬಿಡಿಸಿದರು. ಎಲ್ಲವೂ ಉಳಿಯಲಿಲ್ಲ. ಕೆಲವಕ್ಕೆ ಮುಖಪುಟದ ಚಿತ್ರ ಸ್ಪಿರಿಟ್ಟಿಗೆ ಕಲಸಿಹೋಯಿತು. ಹಳದಿ ಹಚ್ಚಿದ್ದ ಉರ್ದು ಪುಸ್ತಕಗಳಲ್ಲಿ ಎರಡು ಹಾಳೆಹಾಳೆಯಾಗಿ ಬಂದವು. ಅವುಗಳ ಬೇರೆ ಪ್ರತಿ ಚನ್ನಪಟ್ಟಣದಲ್ಲಿ ಇಲ್ಲ. ಹಾಳಾದದ್ದನ್ನು ಅಖ್ತರಿ ಮುಚ್ಚಿಡಲಿಲ್ಲ. ಪ್ರತಿ ಸಲ ಒಯ್ದು ಹೆಡ್‌ಮಾಸ್ತರ ಮೇಜಿನ ಮೇಲಿಟ್ಟು, "ಇದು ಹೋಯ್ತು ಸಾರ್" ಎಂದರು.

"ಉಳಿಸಿದ್ದನ್ನ ತೋರ್ಸೋಕೆ ಎಲ್ಲರೂ ಬರ್ತಾರೆ. ಕಳೆದದ್ದನ್ನ ತಂದು ತೋರಿಸೋರು ಕಡಿಮೆ" ಎನ್ನುತ್ತಾರೆ ರಾಮಲಿಂಗಯ್ಯ. ಒಂದು ಬೆಳಿಗ್ಗೆ ಅವರಿಗೆ ರಾಮನಗರದಲ್ಲಿ ಮೀಟಿಂಗು ಇತ್ತು. ಬಸ್ಸಿನಿಂದ ಫೋನ್ ಮಾಡಿ, ಬೀಗದ ಕೈ ಡ್ರಾಯರಿನಲ್ಲಿದೆ, ತಗೋ, ಮತ್ತೆ ಅಲ್ಲಿಡಬೇಡ, ನಿನ್ನ ಹತ್ತಿರವೇ ಇರಲಿ ಎಂದರು. ಅಖ್ತರಿ ಅವತ್ತು ಮೊದಲ ಪೀರಿಯಡ್ಡಿನ ಬೆಲ್ಲು ಹೊಡೆಯುವುದನ್ನೇ ಮರೆತರು.

ಈಗ ಬೀರು ದಿನಾ ತೆರೆಯುತ್ತದೆ. ಬೀಗದ ಕೈ ಅಖ್ತರಿಯ ಬಳಿ ಇರಲು ಆದೇಶ ಮಾತ್ರ ಈಗಲೂ ಇಲ್ಲ, ಹೆಡ್‌ಮಾಸ್ತರು ಶಾಲೆಯ ಹೆಸರು ಬೇಡವೆಂದದ್ದು ಅದಕ್ಕೇ. ಬೈರಾಪಟ್ಟಣದ ಕಡೆಯ ಶಾಲೆಗಳಿಂದಲೂ ಹರಿದ ಪುಸ್ತಕ ಚೀಲದಲ್ಲಿ ಬರುತ್ತವೆ, ಕಟ್ಟಿಸಿಕೊಂಡು ಹೋಗುತ್ತವೆ. ಅರಗು ಕೇವಲ ಗೊಂಬೆಗೆ.

ಹೋದ ವಾರ ಈ ವರ್ಷದ ತರಬೇತಿಯ ಸುತ್ತೋಲೆ ಬಂದಿದೆ. ಸರದಿ ಸಮಾಜ ವಿಜ್ಞಾನದ ಮೇಷ್ಟ್ರದ್ದು. ಅಖ್ತರಿ ಮತ್ತೆ ಹೋಗಿ ಕೇಳಿದ್ದಾರೆ. ನೀನು ಕಲಿತಾಯ್ತಲ್ಲಮ್ಮ, ಈಗ ಮತ್ತೇನು ಕೆಟ್ಟಿದೆ ಎಂದು ರಾಮಲಿಂಗಯ್ಯ ನಕ್ಕರಂತೆ. ನೋಡೋಣ ಎಂದಿದ್ದಾರೆ, ಇನ್ನೂ ಯಾರ ಹೆಸರನ್ನೂ ಕಳಿಸಿಲ್ಲ.

ಅಖ್ತರಿ ಗುಂಡುಕಲ್ಲು ಎತ್ತಿ, ಒಣಗಿದ ಪುಸ್ತಕ ತೆರೆದು, ಬೆನ್ನು ಮಣಿಯುತ್ತದೆಯೇ ನೋಡುತ್ತಾರೆ.

"ಏನೂ ಕೆಟ್ಟಿಲ್ಲ ಸಾರ್ ಅಂದೆ. ಆವತ್ತು ಕೆಡಿಸ್ಕಂಡು ಹೋಗಿದ್ದೆ. ಒಂದ್ಸಲ ಏನೂ ಕೆಡುಸ್ದೆ, ಬರೀ ಕಲಿಯಾಕೆ ಅಂತ ಹೋಗ್ಬೇಕು."